ಮರುಭೂಮಿಯಲ್ಲಿ ನಾನು ಹೇಳಿದ ಒಂದು "ಬೇಡ"

ನಾನು ನೇರ ಮಾತಿನ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆಯವರು ಹೇಳಿದರೆ "ಸ್ವಲ್ಪ ಒರಟ" ಎಂದುಬಿಡುತ್ತಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಚೀಲ ಹೊತ್ತು, ಅವ್ವ ಖಾನಾವಳಿಯೊಂದರಲ್ಲಿ ಹೊಗೆ ಕುಡಿಯುತ್ತ ರೊಟ್ಟಿ ಬಡಿದು ನನ್ನನ್ನು ಎಂಜಿನಿಯರ್ ಮಾಡಿದರು. ಆ ಡಿಗ್ರಿಗೆ ಚೌಕಟ್ಟು ಹಾಕಿಸಿ, ಬಟ್ಟೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಸ್ವೀಡನ್ನಿಗೆ ತಂದಿದ್ದೇನೆ. ಹೆಲ್ಸಿಂಗ್‌ಬೋರ್ಯ್‌ನ ನಮ್ಮ ಮನೆಯ ಹಾಲಿನಲ್ಲಿ, ಬೇರೆಯವರು ಸಮುದ್ರದ ಚಿತ್ರ ತೂಗುಹಾಕುವ ಜಾಗದಲ್ಲಿ ಅದು ತೂಗುತ್ತದೆ. "ರೀ, ಅಲ್ಲಿ ಒಂದ್ ಒಳ್ಳೆ ಪೇಂಟಿಂಗ್ ಹಾಕೋಣ" ಎಂದು ನನ್ನ ಹೆಂಡತಿ ಸುಧಾ ವರ್ಷಕ್ಕೊಮ್ಮೆ ರಾಗ ತೆಗೆಯುತ್ತಾಳೆ. ತುಮಕೂರಿನವಳು, ಅವರ ಮನೆಯಲ್ಲಿ ತಾತನ ಕಾಲದಿಂದಲೂ ಪದವೀಧರರು. ಅವಳಿಗೆ ಡಿಗ್ರಿ ಎಂದರೆ ಬೀರುವಿನ ಕೆಳಗಿನ ಖಾನೆಯಲ್ಲಿರುವ ಕಾಗದ. "ಇದೂ ಪೇಂಟಿಂಗೇ. ಬಿಡಿಸೋಕೆ ನಾಲ್ಕು ವರ್ಷ ಹಿಡೀತು" ಎನ್ನುತ್ತೇನೆ ನಾನು.

ಇಂಥ ನೇರ ಮಾತಿನವನ ಬಾಯಲ್ಲಿ ಬೇಕಾದ ಹೊತ್ತಿಗೆ ಒಂದು "ಬೇಕು" ಹೊರಡದೆ ಹೋದ ಕಥೆಯಿದು. ತಪ್ಪೆಲ್ಲ ನಮ್ಮೂರಿನ ಬಿಸಿಲಿನದು.

ಸ್ವೀಡನ್ನಿನ ಆಫೀಸುಗಳಲ್ಲಿ ಕೆಲಸದಷ್ಟೇ ಶ್ರದ್ಧೆಯಿಂದ ನಡೆಯುವ ಸಂಗತಿ ಫೀಕಾ. ಎಲ್ಲರೂ ಕೆಲಸ ನಿಲ್ಲಿಸಿ ಕಾಫಿ ಕುಡಿಯುತ್ತ, ಬನ್ನು ತಿನ್ನುತ್ತ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಮೇ ತಿಂಗಳಲ್ಲಿ ಬಿಸಿಲು ಹದಿನೆಂಟು ಡಿಗ್ರಿ ಮುಟ್ಟಿದರೆ ಸಾಕು, ನನ್ನ ಸಹೋದ್ಯೋಗಿಗಳು ಪ್ಯಾಂಟು ಮಡಚಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಆಗ ನಾನು ನಮ್ಮೂರನ್ನು ಹೊರತೆಗೆಯುತ್ತೇನೆ. ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವುದು, ನಲ್ಲಿಯಲ್ಲಿ ಕಾದ ನೀರು ಬರುವುದು, ಮಧ್ಯಾಹ್ನ ನಾಯಿಗಳೂ ಬೊಗಳುವುದಕ್ಕೆ ಬೇಸರ ಪಡುವುದು. ಮೊದಲ ವರ್ಷ ನಲವತ್ತೆರಡು ಡಿಗ್ರಿ ಎಂದಿದ್ದೆ. ಪ್ರತಿ ವರ್ಷ ಒಂದೊಂದು ಡಿಗ್ರಿ ಏರಿಸುತ್ತ ಬಂದು ಈಗ ನಲವತ್ತೇಳಕ್ಕೆ ನಿಲ್ಲಿಸಿದ್ದೇನೆ. ಹೀಗೆ ಬಿಸಿಲಿನ ವಿಷಯದಲ್ಲಿ ಆಫೀಸಿಗೆ ನಾನೇ ಅಂತಿಮ ಅಧಿಕಾರಿ.

ಹೀಗಿರುವಾಗ ನಮ್ಮ ಮ್ಯಾನೇಜರ್ ಲೇನಾ ವಿಭಾಗದವರಿಗೆಲ್ಲ ಒಂದು ಮೇಲ್ ಕಳಿಸಿದಳು. ಈ ಸಲದ ಹೊರಸಂಚಾರ: "ಮರುಭೂಮಿ ಸಫಾರಿ, ಇಡೀ ದಿನ, ಗೈಡ್ ಸಮೇತ." ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ನಮ್ಮ ಸಾಲಿನಲ್ಲಿ ಕೂತವರೆಲ್ಲ ತಲೆಯೆತ್ತಿದರು. ಸ್ವೀಡನ್ನಿನಲ್ಲಿ ಮರುಭೂಮಿ! ವಿಚಾರಿಸಿದರೆ, ಬಸ್ಸಿನಲ್ಲಿ ಎರಡು ಗಂಟೆ ದೂರ, ಪೂರ್ವದ ಕರಾವಳಿಯಲ್ಲಿ ಒಂದಷ್ಟು ಮರಳು ದಿಬ್ಬಗಳಿವೆಯಂತೆ. ಅದನ್ನೇ ಇಲ್ಲಿನವರು ಅಕ್ಕರೆಯಿಂದ ಮರುಭೂಮಿ ಎನ್ನುತ್ತಾರಂತೆ. ಲೇನಾ ನನ್ನ ಮೇಜಿನ ಬಳಿಗೆ ಬಂದು, "ಬಸವ, ದಿಬ್ಬದ ತುದಿಯಲ್ಲಿ ನೀನು ಹತ್ತು ನಿಮಿಷ ಮಾತಾಡಬೇಕು. ಬಿಸಿ ನಾಡಿನಲ್ಲಿ ಜನ ಹೇಗೆ ಬದುಕುತ್ತಾರೆ ಅಂತ. ನಿನಗಿಂತ ಚೆನ್ನಾಗಿ ಹೇಳುವವರು ನಮ್ಮಲ್ಲಿಲ್ಲ" ಎಂದಳು. ಹತ್ತು ಸಲ ಹೇಳಿಸಿಕೊಳ್ಳುವ ಮಾತೇ ಇದು? ಒಂದು ವಾರ ಕೂತು ಐದು ಅಂಶಗಳ ಭಾಷಣ ಬರೆದೆ. ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದೆ. ಹದಿನಾಲ್ಕು ಜನ ಸ್ವೀಡನ್ನಿನವರ ಮುಂದೆ ರಾಯಚೂರಿನ ಮಾನ ನನ್ನ ಕೈಯಲ್ಲಿತ್ತು.

ಮೇಲ್ ಜೊತೆ ಒಂದು ಪಟ್ಟಿಯೂ ಇತ್ತು, ತರಬೇಕಾದ ವಸ್ತುಗಳದ್ದು. ಅದನ್ನು ನಾನು ತೆರೆಯಲಿಲ್ಲ. ಮರಳಿನ ಬಗ್ಗೆ, ಬಿಸಿಲಿನ ಬಗ್ಗೆ ನನಗೆ ಇವರ ಪಟ್ಟಿಯೇ?

ಹೊರಡುವ ದಿನ ಬೆಳಿಗ್ಗೆ ಸುಧಾ ಅಡುಗೆಮನೆಯಿಂದಲೇ ಕೇಳಿದಳು, "ರೀ, ಆ ಲಿಸ್ಟ್ ಓದಿದ್ರಾ? ಚಪಾತಿ ಪಲ್ಯ ಕಟ್ಟಿಕೊಡ್ಲಾ?"

"ಬೇಡ ಬೇಡ. ಇಡೀ ದಿನದ ಟೂರು, ಗೈಡ್ ಬೇರೆ ಇದಾನೆ. ಊಟ ಅವರೇ ಹಾಕ್ತಾರೆ."

"ಸರಿ" ಎಂದಳು. ಈ "ಸರಿ"ಯ ಬಗ್ಗೆ ಆಮೇಲೆ ಹೇಳುತ್ತೇನೆ.

ಎರಡನೇ ಕ್ಲಾಸಿನ ಮಗಳು ಅನ್ವಿ ಬ್ರೆಡ್ಡು ಅಗಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ತೆಳು ಹತ್ತಿಯ ಅಂಗಿ, ಹುಲ್ಲಿನ ಹ್ಯಾಟು, ಕಪ್ಪು ಕನ್ನಡಕದಲ್ಲಿ ಸಿದ್ಧನಾಗಿದ್ದೆ, ಬೆನ್ನಿಗೆ ಹಾಕುವ ಬ್ಯಾಗು ಬಾಗಿಲ ಬಳಿ ಇತ್ತು. "ಅಪ್ಪಾ, ಸಿಟ್‌ಉಂಡರ್‌ಲಾಗ್ ಎಲ್ಲಿ? ವಿದೌಟ್ ದಟ್ ಯು ಕಾಂಟ್ ಸಿಟ್!" ಸಿಟ್‌ಉಂಡರ್‌ಲಾಗ್ ಎಂದರೆ ಅಂಡಿನಡಿ ಇಟ್ಟುಕೊಳ್ಳುವ ಸ್ಪಂಜಿನಂಥ ಒಂದು ಚೌಕ. ಈ ದೇಶದ ಮಕ್ಕಳು ನಡೆಯಲು ಕಲಿತ ಕೂಡಲೇ ಅದನ್ನೊಂದು ಬ್ಯಾಗಿಗೆ ಕಟ್ಟಿಕೊಡುತ್ತಾರೆ. "ನಿಮ್ಮಪ್ಪ ಬರಿ ನೆಲದ ಮೇಲೆ ಕೂತು ಎಂಜಿನಿಯರಿಂಗ್ ಓದಿದವನು ಕಣೇ" ಎಂದೆ. ಅವಳಿಗೆ ಅದರಲ್ಲಿ ಹೆಮ್ಮೆ ಪಡುವಂಥದ್ದೇನೂ ಕಾಣಲಿಲ್ಲ.

ಬಸ್ಸು ಇಳಿದ ಕೂಡಲೇ ಬಾಲ್ಟಿಕ್ ಸಮುದ್ರದ ಗಾಳಿ ನನ್ನ ಹ್ಯಾಟನ್ನು ತೆಗೆದುಕೊಂಡು ಹೋಯಿತು. ಅದು ಮತ್ತೆ ಸಿಗಲಿಲ್ಲ. ಗೈಡ್ ಗುನ್ನಾರ್ ಎಂಬವನು ಎಪ್ಪತ್ತು ದಾಟಿದ ನಿವೃತ್ತ ಶಾಲಾ ಮಾಸ್ತರ. ಮೊಣಕಾಲಿನ ಹತ್ತಿರವೂ ಜೇಬುಗಳಿದ್ದ ಪ್ಯಾಂಟು, ಕೊರಳಲ್ಲಿ ದುರ್ಬೀನು. ಎಲ್ಲರಿಗೂ ಉಣ್ಣೆಯ ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಕೋಟು. ಗುನ್ನಾರ್ ನನ್ನ ಅಂಗಿಯನ್ನು ನೋಡಿ, "ನಿನಗೆ ಚಳಿಯಾಗುವುದಿಲ್ಲವೇ?" ಎಂದ. ನನ್ನ ಬದಲು ಲೇನಾಳೇ ಹೆಮ್ಮೆಯಿಂದ ಉತ್ತರಿಸಿದಳು: "ಅವನು ನಲವತ್ತೇಳು ಡಿಗ್ರಿಯಿಂದ ಬಂದವನು!" ಒಳಗಿನ ಬಿಸಿಯನ್ನು ದಶಕಗಟ್ಟಲೆ ಕೂಡಿಟ್ಟುಕೊಂಡವನಂತೆ ನಾನು ನಕ್ಕೆ. ಹಲ್ಲು ಕಟಕಟ ಎನ್ನದಂತೆ ನಗುವುದು ಸುಲಭವಲ್ಲ.

ಸಫಾರಿ ಎಂದ ಮೇಲೆ ಪ್ರಾಣಿಗಳಿರಬೇಕಲ್ಲ, ಇದ್ದವು. ಗುನ್ನಾರ್ ಒಮ್ಮೆಲೇ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಹದಿನಾಲ್ಕು ಜನ ಉಸಿರು ಬಿಗಿಹಿಡಿದು ಮರಳಿನ ಮೇಲೆ ಬಗ್ಗಿದರು. ನಾನೂ ಬಗ್ಗಿದೆ. ಸಗಣಿ ಹುಳು. ಅರ್ಧ ಗಂಟೆ ಅದನ್ನು ನೋಡಿದೆವು. ಅದರ ಗುಣ, ಶೀಲ, ದಾಂಪತ್ಯ ಎಲ್ಲವನ್ನೂ ಗುನ್ನಾರ್ ವಿವರಿಸಿದ. ನಮ್ಮ ಓಣಿಯಲ್ಲಿ ಎಮ್ಮೆ ಕಟ್ಟುವ ಜಾಗದಲ್ಲಿ ಇಂಥವು ಎಷ್ಟಿದ್ದವೆಂದು ಹೇಳಬೇಕೆನಿಸಿತು. ಆದರೆ ಅವನ ಕಣ್ಣಲ್ಲಿದ್ದ ಭಕ್ತಿ ಕಂಡು ಇನ್ನೂ ಸ್ವಲ್ಪ ಬಗ್ಗಿದೆ. ನಿಜ ಹೇಳಬೇಕೆಂದರೆ, ಅಷ್ಟು ವರ್ಷ ಅವುಗಳ ನಡುವೆ ಬೆಳೆದರೂ ನಾನು ಒಂದನ್ನೂ ನಿಂತು ನೋಡಿದವನಲ್ಲ.

ಹನ್ನೊಂದೂವರೆಗೆ ಸರಿಯಾಗಿ ಗುನ್ನಾರ್ "ಊಟ" ಎಂದ. ನಾನು ಕತ್ತೆತ್ತಿ ಸುತ್ತ ನೋಡಿದೆ. ಎಲ್ಲಾದರೂ ಒಂದು ಶಾಮಿಯಾನ, ಅದರ ಹಿಂದೆ ಒಂದಿಷ್ಟು ಹೊಗೆ, ಸ್ಟೀಲ್ ಪಾತ್ರೆಗಳ ಸದ್ದು. ಏನೂ ಇಲ್ಲ. ಹದಿನಾಲ್ಕು ಬ್ಯಾಗುಗಳಿಂದ ಹದಿನಾಲ್ಕು ಚೌಕಗಳು ಹೊರಬಂದು ಮರಳಿನ ಮೇಲೆ ಸಾಲಾಗಿ ಬಿದ್ದವು. ಹದಿನಾಲ್ಕು ಡಬ್ಬಿಗಳು ತೆರೆದವು. ನಮ್ಮ ದೇಶದಲ್ಲಿ ಆಫೀಸಿನವರು ಪಿಕ್ನಿಕ್ಕಿಗೆ ಕರೆದರೆಂದರೆ ಅದು ಮುಖ್ಯವಾಗಿ ಊಟಕ್ಕೆ ಕರೆದಂತೆ, ಜಾಗ ನೆಪ. ಇಲ್ಲಿ ಜಾಗಕ್ಕೆ ಕರೆದಿದ್ದರು. ಬುತ್ತಿ ಅವರವರದು.

"ನಿನ್ನ ಊಟ ಎಲ್ಲಿ?" ಎಂದಳು ಲೇನಾ.

"ನಾನು ತಿಂದೇ ಬಂದೆ" ಎಂದೆ. ಬೆಳಿಗ್ಗೆ ಭಾಷಣದ ಗುಂಗಿನಲ್ಲಿ ಒಂದು ಲೋಟ ಕಾಫಿ ಬಿಟ್ಟು ಬೇರೇನೂ ಒಳಗೆ ಹೋಗಿರಲಿಲ್ಲ.

"ನನ್ನ ಹತ್ತಿರ ಎರಡು ಸ್ಯಾಂಡ್‌ವಿಚ್ ಹೆಚ್ಚಿಗೆ ಇವೆ. ಬೇಕಾ?"

"ಬೇಡ ಬೇಡ" ಎಂದೆ.

ಮುಂದಿನ ದೃಶ್ಯ ನನ್ನ ತಲೆಯಲ್ಲಿ ಸಿದ್ಧವಿತ್ತು. ಅವಳು "ಅಯ್ಯೋ, ಸ್ವಲ್ಪ ತಗೋ" ಎನ್ನಬೇಕು. ನಾನು "ಇಲ್ಲ, ನಿಜವಾಗಲೂ" ಎನ್ನಬೇಕು. ಅವಳು ಮುನಿಸಿಕೊಂಡಂತೆ ಮಾಡಿ ಕೈಗೇ ತುರುಕಬೇಕು. ನಾನು "ನಿಮ್ಮ ಬಲವಂತಕ್ಕೆ" ಎಂದು ಎರಡನ್ನೂ ಮುಗಿಸಬೇಕು. ಆದರೆ ಲೇನಾ "ಓಕೆ" ಎಂದು ಡಬ್ಬಿಯ ಮುಚ್ಚಳ ಹಾಕಿದಳು. ಟಕ್. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಪಕ್ಕದವನನ್ನು ಕೇಳಿದಳು. ಅವನು ನಾಚಿಕೆಯೇ ಇಲ್ಲದೆ "ಬೇಕು, ಥ್ಯಾಂಕ್ಸ್" ಎಂದು ನನ್ನ ಕಣ್ಣೆದುರಿಗೇ ಎರಡನ್ನೂ ತಿಂದ.

ಈ "ಬೇಡ" ನನ್ನದಲ್ಲ, ಅವ್ವನದು. ಚಿಕ್ಕವನಿದ್ದಾಗ ನನ್ನನ್ನು ಯಾರ ಮನೆಗಾದರೂ ಕಳಿಸುವ ಮೊದಲು ತಲೆ ಬಾಚುತ್ತ ಹೇಳುತ್ತಿದ್ದಳು: "ಯಾರರ ಉಣ್ಣಾಕ ಕರದ್ರ, ಉಂಡ ಬಂದೀನ್ರಿ ಅನ್ಬೇಕು. ಮೂರ್ ಸಲ ಕರದ್ರ ಅಷ್ಟ ಕೂಡ್ರು."

"ಎರಡ್ ಸಲ ಕರದ್ರ?"

"ಎರಡ್ ಸಲ ಬಾಯಿಲೆ ಕರೀತಾರ. ಮೂರನೇದ್ದು ಮನಸಿನಿಂದ ಕರೀತಾರ."

ದಿನವಿಡೀ ಊರಿಗೆಲ್ಲ ರೊಟ್ಟಿ ಬಡಿಯುತ್ತಿದ್ದವಳ ಮಗ ಹಸಿದು ಬಂದಿದ್ದಾನೆ ಎಂದು ಯಾರಿಗೂ ತಿಳಿಯಬಾರದು, ಅಷ್ಟೇ ಅವಳ ಹಟ. ಎಂಜಿನಿಯರಿಂಗ್ ನನಗೆ ಬೇಕಾದಷ್ಟು ಕಲಿಸಿತು. ಈ ಪಾಠದ ಮೇಲೆ ಮಾತ್ರ ಒಂದು ಗೆರೆಯನ್ನೂ ಎಳೆಯಲಿಲ್ಲ. ಹಾಸ್ಟೆಲಿನಲ್ಲಿ ಗೆಳೆಯರ ಮನೆಯಿಂದ ತಿಂಡಿ ಬಂದಾಗಲೂ ನನ್ನ ಬಾಯಿ ಮೊದಲು "ಉಂಡೀನಿ" ಎಂದೇ ಹೇಳುತ್ತಿತ್ತು. ಅಲ್ಲಿ ಪುಣ್ಯಕ್ಕೆ ಎಲ್ಲರೂ ಮೂರರವರೆಗೆ ಎಣಿಸಬಲ್ಲವರಾಗಿದ್ದರು.

ಊಟದ ಹೊತ್ತು ನಾನು ಸಮುದ್ರ ನೋಡುತ್ತ ಬರಿ ಮರಳಿನ ಮೇಲೆ ಕೂತೆ. ಮೇಲೆ ಒಣಗಿದಂತೆ ಕಂಡ ಮರಳು ಒಳಗೆ ಒದ್ದೆಯಾಗಿತ್ತು. ಹತ್ತು ನಿಮಿಷದಲ್ಲಿ ಆ ಸ್ಪಂಜಿನ ಚೌಕವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ. ಮಧ್ಯಾಹ್ನ ದೊಡ್ಡ ದಿಬ್ಬ ಹತ್ತುವಾಗ ಗುನ್ನಾರ್ ಮತ್ತೆ ಕೈಯೆತ್ತಿದ. "ಶ್! ಕೇಳಿಸಿತೇ?" ಎಲ್ಲರೂ ದುರ್ಬೀನು ಎತ್ತಿದರು. ಹುಲ್ಲಿನೊಳಗೆ ಯಾವುದೋ ಅಪರೂಪದ ಹಕ್ಕಿ ಗುರುಗುಟ್ಟಿತೆಂದು ಅವನು ಪಿಸುಗುಟ್ಟಿದ. ಅದು ಮತ್ತೊಮ್ಮೆ ಗುರುಗುಟ್ಟಿತು. ನಾನು ಹೊಟ್ಟೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದೆ. ಹಕ್ಕಿ ಹಾರಿಹೋಯಿತೆಂದು ಎಲ್ಲರೂ ಬೇಸರಪಟ್ಟರು.

ಅಂತೂ ತುದಿ ಬಂತು. ಎಲ್ಲರೂ ಅರ್ಧಚಂದ್ರಾಕಾರವಾಗಿ ಕೂತರು. ನಾನು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿದೆ. "ಬಿಸಿ ನಾಡಿನ ಮೊದಲ ನಿಯಮ: ಯಾರೂ ಹಸಿದ ಹೊಟ್ಟೆಯಲ್ಲಿ ಮನೆಯಿಂದ ಹೊರಡುವುದಿಲ್ಲ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಯಾರೂ ಕಳಿಸುವುದೂ ಇಲ್ಲ." ಚೆನ್ನಾಗಿತ್ತು. ಕನ್ನಡಿಯ ಮುಂದೆಯೂ ಚೆನ್ನಾಗಿತ್ತು. ಆದರೆ ಗುನ್ನಾರ್, ಮಾಸ್ತರಿಕೆ ಬಿಟ್ಟರೂ ಪ್ರಶ್ನೆ ಬಿಡದವನು, ಕೈಯೆತ್ತಿದ. "ಹಾಗಾದರೆ ಇವತ್ತು ನೀನು ಏನು ತಿಂದು ಹೊರಟೆ?"

ಅವನಿಗೆ ಬರೀ ಕುತೂಹಲ. ಹದಿನಾಲ್ಕು ಮುಖಗಳಲ್ಲೂ ಅದೇ. ರೊಟ್ಟಿ, ಪುಂಡಿಪಲ್ಯ ಎಂದು ಹೇಳಿಬಿಡಬಹುದಿತ್ತು. ಹಾಗೆ ಹೇಳಿದ್ದರೆ ರಾಯಚೂರಿನ ಮಾನ ಉಳಿಯುತ್ತಿತ್ತು, ಹಸಿವಿಗೆ ನಾನು ಮಾತ್ರ ಉಳಿಯುತ್ತಿರಲಿಲ್ಲ.

"ಒಂದು ಲೋಟ ಕಾಫಿ" ಎಂದೆ.

ಲೇನಾಳ ಹುಬ್ಬು ಗಂಟಿಕ್ಕಿತು. "ಆದರೆ ನಾನು ಕೇಳಿದಾಗ ಬೇಡ ಅಂದೆ."

"ಅಂದೆ."

"ಬೇಕಿತ್ತಾ?"

"ಬೇಕಿತ್ತು."

"ಮತ್ತೆ ಯಾಕೆ ಬೇಡ ಅಂದೆ?"

ಐದು ಅಂಶಗಳ ಕಾಗದವನ್ನು ಮಡಚಿ, ಅವ್ವನ ಮೂರು ಸಲದ ಲೆಕ್ಕವನ್ನು ಹೇಳಿದೆ. ಬಾಯಿಯಿಂದ ಕರೆಯುವುದು, ಮನಸ್ಸಿನಿಂದ ಕರೆಯುವುದು, ತಲೆ ಬಾಚುತ್ತಿದ್ದುದು, ಎಲ್ಲವನ್ನೂ. ಆಮೇಲೆ ಚರ್ಚೆ ಶುರುವಾಯಿತು. ಮೊದಲ ಎರಡು ಸಲ ಲೆಕ್ಕಕ್ಕಿಲ್ಲವೆಂದರೆ ನೇರವಾಗಿ ಮೂರರಿಂದಲೇ ಏಕೆ ಶುರುಮಾಡಬಾರದು ಎಂದು ಒಬ್ಬ ಕೇಳಿದ. ನಿಜವಾಗಿಯೂ ಬೇಡವಾದವನು ಎಷ್ಟು ಸಲ ಬೇಡ ಎನ್ನಬೇಕು ಎಂದು ಇನ್ನೊಬ್ಬಳು ಕೇಳಿದಳು. ಲೇನಾ ಬ್ಯಾಗಿನಿಂದ ದಾಲ್ಚಿನ್ನಿ ಬನ್ನೊಂದನ್ನು ತೆಗೆದು ನನ್ನ ಮುಂದೆ ಹಿಡಿದು, ಒಂದೇ ಉಸಿರಿನಲ್ಲಿ, ಬಹಳ ಗಂಭೀರವಾಗಿ ಹೇಳಿದಳು: "ಬೇಕಾ? ಬೇಕಾ? ಬೇಕಾ? ಮೂರಾಯಿತು."

ತಿಂದೆ. ಗುನ್ನಾರ್ ಒಂದು ಬೇಯಿಸಿದ ಮೊಟ್ಟೆ ಕೊಟ್ಟ. ಅದಕ್ಕೆ ಉಪ್ಪನ್ನೂ ಮೊಣಕಾಲಿನ ಜೇಬಿನಿಂದ ತೆಗೆದ. ಭಾಷಣದ ಕಾಗದವನ್ನು ಬ್ಯಾಗಿಗೆ ತುರುಕಲು ಹೋದಾಗ ಕೈಗೆ ಏನೋ ಮೆತ್ತಗೆ ತಗುಲಿತು. ಎಳೆದರೆ, ಜಿಂಕೆಯ ಚಿತ್ರವಿದ್ದ ಗುಲಾಬಿ ಬಣ್ಣದ ಒಂದು ಪುಟ್ಟ ಚೌಕ. ಮೇಲೆ ವಕ್ರ ಅಕ್ಷರಗಳಲ್ಲಿ "ಅನ್ವಿ" ಎಂದಿತ್ತು. ಬೆಳಗಿನಿಂದ ಬೆನ್ನ ಮೇಲೇ ಇತ್ತು. ಅದರ ಮೇಲೆ ನನ್ನ ಅರ್ಧ ಮಾತ್ರ ಹಿಡಿಸಿತು, ಆದರೂ ಆ ದಿನ ಮೊದಲ ಬಾರಿಗೆ ಬೆಚ್ಚಗೆ ಕೂತೆ. ಬಸ್ಸಿನಲ್ಲಿ ಹಿಂದಿರುಗುವಾಗ ಲೇನಾ, ಇಷ್ಟು ಒಳ್ಳೆಯ ಭಾಷಣ ಕೇಳಿ ಬಹಳ ದಿನವಾಗಿತ್ತು ಎಂದಳು. ಉಳಿದ ನಾಲ್ಕು ಅಂಶಗಳು ಏನಿದ್ದವು ಎಂದು ಕೇಳಿದಳು. "ಮೊದಲನೆಯದರಲ್ಲೇ ಎಲ್ಲ ಬಂತು" ಎಂದೆ. ಎರಡು ಗಂಟೆಯ ದಾರಿಯುದ್ದಕ್ಕೂ, ಇನ್ನು ಮುಂದೆ ಬೇಕಾದ್ದನ್ನು ಬೇಕು ಎನ್ನುತ್ತೇನೆ, ನಾನು ಓದಿದವನು, ನೇರ ಮಾತಿನವನು ಎಂದು ನನಗೆ ನಾನೇ ಗಟ್ಟಿಮಾಡಿಕೊಳ್ಳುತ್ತ ಬಂದೆ.

ಮನೆ ಮುಟ್ಟಿದಾಗ ಏಳು ಗಂಟೆ. ಬಿಸಿಲು ಇನ್ನೂ ಢಾಳಾಗಿತ್ತು. ಬಾಗಿಲು ತೆಗೆಯುತ್ತಲೇ ಬದನೆಕಾಯಿ ಎಣಗಾಯಿಯ ವಾಸನೆ ಮೂಗಿಗೆ ಬಡಿಯಿತು. ಸುಧಾ ನನಗೋಸ್ಕರವೇ ಅವ್ವನಿಂದ ಫೋನಿನಲ್ಲಿ ಕೇಳಿ ಕಲಿತದ್ದು ಅದು. ಅವಳೂ ಅನ್ವಿಯೂ ಉಂಡು ಮುಗಿಸಿದ್ದರು, ಸುಧಾ ಮಿಕ್ಕಿದ್ದನ್ನು ಡಬ್ಬಿಗೆ ತುಂಬುತ್ತಿದ್ದಳು.

"ಬಂದ್ರಾ? ಬಡಿಸ್ಲಾ?"

"ಬೇಡ ಬಿಡು, ಅಲ್ಲೇ ಆಯ್ತು" ಎಂದಿತು ನನ್ನ ಬಾಯಿ.

ನಾನು ಕೈಕಾಲು ತೊಳೆಯುವ ನೆಪದಲ್ಲಿ ಸ್ವಲ್ಪ ನಿಧಾನ ಮಾಡಿದೆ. ಆದರೆ ಸುಧಾಳಿಗೆ ಸ್ವೀಡನ್ನಿನಲ್ಲಿ ಇದು ಎಂಟನೇ ವರ್ಷ, ಇಲ್ಲಿನವರಂತೆ ಅವಳೂ ಒಂದೇ ಸಲ ಕೇಳುತ್ತಾಳೆ. "ಸರಿ" ಎಂದಳು. ಡಬ್ಬಿಯ ಮುಚ್ಚಳ ಟಕ್ ಎಂದಿತು. ಫ್ರಿಡ್ಜಿನ ಬಾಗಿಲು ತೆರೆಯಿತು, ಮುಚ್ಚಿತು. ನಾನು ಹಾಲಿನಲ್ಲಿ ನನ್ನ ಡಿಗ್ರಿಯ ಕೆಳಗೆ ನಿಂತು, ಎರಡನೇ ಸಲ ಕೇಳಿಯಾಳು ಎಂದು ಇನ್ನೂ ಸ್ವಲ್ಪ ಹೊತ್ತು ಕಾದೆ.