ಫೈರ್‌ವಾಲ್ ಮತ್ತು ಲೈಬ್ರರಿಯ ವಿಮಲಾ ಮೇಡಂ

ನನಗೆ ಹೊಟ್ಟೆಕಿಚ್ಚು ಅನ್ನುವುದೇ ಇಲ್ಲ ಎಂದು ಐವತ್ತು ದಾಟುವವರೆಗೂ ನಂಬಿಕೊಂಡಿದ್ದೆ. ಓರಗೆಯವರು ಕಾರು ಕೊಂಡರು, ಷಡ್ಡಕ ಮನೆಯ ಮೇಲೆ ಮನೆ ಕಟ್ಟಿಸಿದ. ನಾನು ನಕ್ಕು ಹೋಳಿಗೆ ತಿಂದು ಬಂದೆ. ಏಕೆಂದರೆ ಮಲ್ಲೇಶ್ವರಂನ ನಮ್ಮ ಕಾಲೇಜಿನ ಫೈರ್‌ವಾಲ್ ನನ್ನ ಕೈಯಲ್ಲಿತ್ತು. ಹೊರಗಿನ ಕಳ್ಳರು ಕಾಲೇಜಿನ ಕಂಪ್ಯೂಟರುಗಳಿಗೆ ನುಗ್ಗದಂತೆ ಕಾಯುವ ಯಂತ್ರ ಅದು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುವ ಹಕ್ಕೂ ನನ್ನದೇ. ಕ್ಯಾಂಟೀನಿನ ಭಟ್ಟರು ಹತ್ತೂವರೆಗೆ ಕಾಫಿ ತಂದರೆ ಮೊದಲ ಲೋಟ ನನ್ನ ಮೇಜಿಗೆ. ಇನ್ನೇನು ಬೇಕು ಮನುಷ್ಯನಿಗೆ?

ಕಳೆದ ತಿಂಗಳು ಪ್ರಿನ್ಸಿಪಾಲರು ಕರೆದು, "ರಾಯರೇ, ಫೈರ್‌ವಾಲ್ ಸಾಫ್ಟ್‌ವೇರ್ ತುಂಬಾ ಹಳೇದಾಗಿದ್ಯಂತೆ. ಶುಕ್ರವಾರದೊಳಗೆ ಅಪ್‌ಡೇಟ್ ಆಗ್ಲಿಲ್ಲ ಅಂದ್ರೆ ಆ ಕೆಲಸ ಬೇರೆಯವರಿಗೆ ವಹಿಸ್ತೀನಿ" ಎಂದರು. ಕೂಡಲೇ ಕೆಲಸಕ್ಕೆ ಕೂತೆ. ಹೊಸ ಸಾಫ್ಟ್‌ವೇರ್ ಬರಬೇಕಾದರೆ ಅದು ನೆಚ್ಚಿಕೊಂಡ, ಪ್ಯಾಕೇಜು ಎಂಬ ಪುಟ್ಟ ಸಾಫ್ಟ್‌ವೇರೂ ಹೊಸದಾಗಬೇಕು, ಅದಕ್ಕೆ ಮತ್ತೊಂದು, ಅದಕ್ಕೆ ಮಗದೊಂದು. ಮುನಿಸಿಕೊಂಡ ನೆಂಟರನ್ನು ಮದುವೆಗೆ ಹೊರಡಿಸಿದ ಹಾಗೆ: ಚಿಕ್ಕಪ್ಪ ಬಂದರೆ ಮಾವ ಬರುತ್ತಾರೆ, ಸೋದರತ್ತೆ ಬಂದರೆ ಚಿಕ್ಕಪ್ಪ. ಕೊನೆಗೆ ಒಂದು ಹಳೆಯ ಪ್ಯಾಕೇಜು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಅದನ್ನು ಬದಲಿಸು ಎಂದು ಮೂರು ದಿನ ಕಂಪ್ಯೂಟರಿಗೆ ಮತ್ತೆ ಮತ್ತೆ ಹೇಳಿದೆ. ಆಗುವುದಿಲ್ಲ ಎನ್ನುವ ಕೆಂಪಕ್ಷರ ಪರದೆಯ ಮೇಲೆ ಕಂಡೊಡನೆ ಕಣ್ಣು ಮುಚ್ಚಿಕೊಂಡು ಅಳಿಸಿಹಾಕಿದೆ.

ಗುರುವಾರ ಲೈಬ್ರರಿಯ ವಿಮಲಾ ಮೇಡಂ ಏನೋ ಕೇಳಲು ಬಂದವರು ನನ್ನ ಬೆನ್ನ ಹಿಂದೆ ನಿಂತರು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಹೆಂಗಸು. ಕಂಪ್ಯೂಟರಿನಲ್ಲಿ ಪುಸ್ತಕಗಳ ಪಟ್ಟಿ ನೋಡಿಕೊಳ್ಳುವುದಷ್ಟೇ ಅವರ ಕೆಲಸ.

"ಆ ಕೆಂಪಕ್ಷರ ಪೂರ್ತಿ ಓದಿದ್ರಾ ಸರ್?"

"ಓದೋಕೇನಿದೆ ಮೇಡಂ, ಎಲ್ಲ ಬೈಗುಳಾನೇ."

ಅವರು ಕನ್ನಡಕ ಹಾಕಿಕೊಂಡು ನನ್ನ ಕುರ್ಚಿಯಲ್ಲಿ ಕೂತರು. ಒಂದೊಂದೇ ಸಾಲಿಗೆ ಬೆರಳಿಟ್ಟು ಕೆಳಗಿನವರೆಗೂ ಓದಿದರು. "ಈ ಪ್ಯಾಕೇಜು ಬದಲಾಗದ ಹಾಗೆ ಯಾರೋ ಬೀಗ ಹಾಕಿದ್ದಾರಂತೆ ನೋಡಿ. ಕೊನೇ ಸಾಲಲ್ಲೇ ಇದೆ." ಪಕ್ಕದಿಂದ ಕೈಚಾಚಿ ಬೀಗವಿದ್ದ ಫೈಲನ್ನು ತೆರೆದೆ. 'ಯಾರೂ ಮುಟ್ಟಕೂಡದು' ಎಂಬ ಟಿಪ್ಪಣಿ, ಕೆಳಗೆ ನನ್ನದೇ ಹೆಸರು! ಹಿಂದೊಮ್ಮೆ ಅದನ್ನು ಬದಲಿಸಲು ಹೋಗಿ ದಿನವಿಡೀ ಇಂಟರ್ನೆಟ್ ನಿಂತು ಬೈಸಿಕೊಂಡಿದ್ದೆ. ಆ ಭಯಕ್ಕೆ ಬೀಗ ಜಡಿದು ಮರೆತೇಬಿಟ್ಟಿದ್ದೆ. ಬೀಗ ತೆಗೆದ ಹತ್ತು ನಿಮಿಷಕ್ಕೆ ನೆಂಟರೆಲ್ಲ ಸಾಲಾಗಿ ಹೊರಟರು. ತೆಗೆದವನು ನಾನೇ. ಆದರೆ ಆಗ ಒಳಗೆ ಬಂದ ಭಟ್ಟರಿಗೆ ಕಂಡದ್ದು ಕುರ್ಚಿಯಲ್ಲಿ ಕೂತಿದ್ದ ಮೇಡಂ. ಬೀಗ ತೆಗೆದವರು ಮೇಡಂ ಎಂದು ಸಂಜೆಯೊಳಗೆ ಕಾಲೇಜೆಲ್ಲ ಸುದ್ದಿ.

ಶುಕ್ರವಾರ ಹತ್ತೂವರೆಗೆ ಮೊದಲ ಲೋಟ ಲೈಬ್ರರಿಗೆ ಹೋಯಿತು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅವರ ಕನ್ನಡಕದ ಮೇಲೂ ಉರಿಯಿತು, ಅವರ ತಾಳ್ಮೆಯ ಮೇಲೂ ಉರಿಯಿತು. ಸಂಜೆ ಸಿಬ್ಬಂದಿ ಸಭೆಯಲ್ಲಿ ಅವರನ್ನು ಹೊಗಳಿದ ಪ್ರಿನ್ಸಿಪಾಲರು, "ಅಂದ ಹಾಗೆ, ಆ ಬೀಗ ಹಾಕಿದ್ದ ಮಹಾನುಭಾವ ಯಾರು ಮೇಡಂ?" ಎಂದರು. ನಾನು ಮುಂದಿನ ಕುರ್ಚಿಯವರ ಬೆನ್ನಿಗೆ ಮರೆಯಾಗಿ ಕೂತೆ.

ಮೇಡಂ ನನ್ನತ್ತ ತಿರುಗಲೂ ಇಲ್ಲ. "ಯಾರೋ ಹಳಬರು ಸರ್. ಈಗಿಲ್ಲ."

ಒಳ್ಳೆಯತನದಲ್ಲೂ ಈಕೆ ನನ್ನನ್ನು ಮೀರಿಸಬೇಕೆ ಎಂದು ಮತ್ತಷ್ಟು ಉರಿದುಕೊಂಡೆ.

"ಸದ್ಯ, ಹೋದ್ರಲ್ಲ! ಅಂಥ ದಡ್ಡರು ಇದ್ದಿದ್ರೆ ಕಾಲೇಜು ಉದ್ಧಾರ ಆಗ್ತಿತ್ತಾ?" ಎಂದರು ಪ್ರಿನ್ಸಿಪಾಲರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಹೌದೆಂದು ತಲೆಯಾಡಿಸಿದವನು ನಾನೇ.