ಮಾತಾಡಲಿಕ್ಕೆ ಕೊಂಡ ಸೈಕಲ್ಲು

ಜನ ತುಂಬಿದ ಬಜಾರದಲ್ಲಿ ಸೈಕಲ್ ಹೊಡೆಯುವವರಿಗೆ ಫಜೀತಿ ಆಗುವುದು ಸಹಜ. ನನ್ನ ನಸೀಬು ಎಂಥದೆಂದರೆ, ಹಗಲೆಲ್ಲ ಕಾದರೂ ಒಂದು ಬಂಡಿ ಕಾಣದ ದಾರಿಯಲ್ಲಿಯೇ ಫಜೀತಿಗಳು ಬಂದು ನನಗೆ ಗಂಟು ಬೀಳುತ್ತಿದ್ದವು. ನಿಜಾಮರ ಆಳಿಕೆಯ ಕೊನೆಯ ವರ್ಷಗಳು ಅವು. ಸುರಪುರದ ಸುತ್ತ ಗುಡ್ಡ, ಗುಡ್ಡಗಳ ನಡುವೆ ಕೆರೆ, ಕೆರೆಯ ಏರಿಯ ಮೇಲೆ ದಾರಿ, ದಾರಿಯ ಮೇಲೆ ನಾನೊಬ್ಬನೇ.

ಗುಡ್ಡದಾಚೆಯ ಹಳ್ಳಿಯೊಂದರಲ್ಲಿ ನಾನು ಸಾಲಿ ಮಾಸ್ತರ. ಸಾಲಿಗೆ ಹೋಗಲಿಕ್ಕೆ ಬೇಕು ಎಂದು ಮನೆಯಲ್ಲಿ ಹೇಳಿ ಸೈಕಲ್ ತಂದೆ. ಖರೇ ಕಾರಣ ಬೇರೆ ಇತ್ತು. ಮದುವೆಯಾಗಿ ವರ್ಷ ಕಳೆದಿದ್ದರೂ ನನ್ನ ಹೆಂಡತಿ ಒಂದು ಪೂರ್ತಿ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವುದೆಂದರೆ ನಮ್ಮ ಮನೆಯಲ್ಲಿ ದೊಡ್ಡ ಬೇಅದಬಿ, ಮರ್ಯಾದೆಗೇಡು. ಪಡಸಾಲೆಯ ನಟ್ಟನಡುವೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೂತಿರುತ್ತಿದ್ದಳು. ಆಕೆಗೆ ಕಿವಿ ಕೇಳುತ್ತಿರಲಿಲ್ಲ, ಆದರೆ ಯಾರ ತುಟಿ ಅಲ್ಲಾಡಿದರೂ ಕಾಣುತ್ತಿತ್ತು. ಆಕೆಯ ಅಂಜಿಕೆಗೆ ಅಪ್ಪ ಅವ್ವ ಕೂಡ ಇಷ್ಟು ವರ್ಷ ಕೆಮ್ಮಿನಲ್ಲಿ, ಬಳೆಯ ಸಪ್ಪಳದಲ್ಲಿ ಸಂಸಾರ ಮಾಡಿಕೊಂಡು ಬಂದಿದ್ದರು. ರಾತ್ರಿಯಾದರೂ ಪಿಸುಗುಟ್ಟೋಣವೆಂದರೆ ಆಯಿಯ ಪಕ್ಕದಲ್ಲಿ ಮಲಗಿದ ಅಪ್ಪ ಸುಮ್ಮನಿರಿ ಎಂಬಂತೆ ಕೆಮ್ಮುತ್ತಿದ್ದರು.

ಹೆಂಡತಿಯ ತವರು ದೇವಾಪುರ. ಆಕೆಯನ್ನು ಹಿಂದೆ ಕೂಡಿಸಿಕೊಂಡು ಆ ನಿರ್ಜನ ದಾರಿಯಲ್ಲಿ ಹೋದರೆ ನಾಲ್ಕು ಮಾತು ಆಡಬಹುದು ಎಂಬುದೊಂದೇ ನನ್ನ ಆಸೆ.

ಏರುವ ಕಲ್ಲು

ನನಗೆ ಸೈಕಲ್ ಕಲಿಸಿದವನು ನಮ್ಮ ಸಾಲಿಯ ಜವಾನ. ಅವನು ಹನುಮಪ್ಪನ ಗುಡಿಯ ಕಟ್ಟೆಯ ಪಕ್ಕ ನಿಲ್ಲಿಸಿ ಕಲಿಸಿದ್ದರಿಂದ, ಕಟ್ಟೆಯ ಮೇಲೆ ಕಾಲು ಕೊಟ್ಟೇ ಏರಬೇಕು ಎಂದು ನಾನು ತಿಳಿದಿದ್ದೆ. ಗುಡ್ಡದ ದಾರಿಯಲ್ಲಿ ಕಟ್ಟೆ ಇಲ್ಲದಿದ್ದರೂ ಬಂಡೆಗಳಿಗೆ ಬರಗಾಲ ಇರಲಿಲ್ಲ, ಹೇಗೋ ನಡೆದಿತ್ತು. ಒಂದು ದಿನ ಕೆರೆ ಏರಿಯ ನಡುವೆ ಹಳ್ಳಿಯ ಗೌಡರು ಬಂಡಿಯಲ್ಲಿ ಎದುರಾದರು. ಹಿರಿಯರು ಬಂದಾಗ ಇಳಿಯದಿದ್ದರೆ ಹೇಗೆ? ಇಳಿದು ಕೈಮುಗಿದೆ. ಇಳಿದ ಮೇಲೆ ನೋಡಿದರೆ ಏರಿಯ ಮೇಲೆ ಒಂದು ಕಲ್ಲೂ ಇಲ್ಲ. ಸೈಕಲ್ ನೂಕುತ್ತ ನಡೆದೆ.

ಗೌಡರು ಬಂಡಿ ನಿಲ್ಲಿಸಿ, "ಯಾಕ ಮಾಸ್ತರ, ನಿಮ್ಮ ಕುದುರಿ ಕುಂಟಾಕತ್ತದೇನು?" ಎಂದರು.

ನಾನು ಇದ್ದ ವಿಷಯ ಹೇಳಿದೆ. ಗೌಡರು ದೊಡ್ಡ ಮನಸ್ಸಿನವರು. ಮರುವಾರವೇ ಆಳುಗಳಿಂದ ಒಂದು ಒಳ್ಳೆಯ ಕಲ್ಲು ತರಿಸಿ ಏರಿಯ ಮೇಲೆ ನೆಡಿಸಿದರು. ಅವರ ಮನಸ್ಸು ನೋಯಬಾರದೆಂದು ನಾನು ಎಂಟು ದಿನ ಅಲ್ಲಿ ಇಳಿದು, ಅದರ ಮೇಲೆ ಕಾಲಿಟ್ಟು ಸುಖವಾಗಿ ಏರಿದೆ. ಒಂಬತ್ತನೆಯ ದಿನ ಬಂದು ನೋಡಿದರೆ ಕಲ್ಲಿಗೆ ಅರಿಶಿಣ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಒಬ್ಬ ಮುದುಕಿ ಕೈಮುಗಿದು ನಿಂತಿದ್ದಳು.

"ಇದು ಯಾವ ದೇವರವ್ವ?" ಎಂದು ಕೇಳಿದೆ.

"ಯಾರಿಗೊತ್ರಿ. ಮಾಸ್ತರರು ದಿನಾ ಇಲ್ಲಿ ಇಳದು, ನಿಂತು, ಮುಟ್ಟಿ ಹೋಗ್ತಾರಂತ. ಓದಿದವರು ಸುಮ್ಮ ಸುಮ್ಮನ ಮುಟ್ಟತಾರೇನ್ರಿ?" ಎಂದಳು.

ನಾನೂ ಕೈಮುಗಿದು ಅವತ್ತೇ ಓಡುತ್ತ ಏರುವುದನ್ನು ಕಲಿತೆ.

ನಾಕಾದ ಗಾಳಿ

ನಮ್ಮ ಅಕ್ಕನನ್ನು ಕೆಂಭಾವಿಯ ಕಡೆ ಕೊಟ್ಟಿದ್ದರು. ಆ ದಿಕ್ಕಿನಲ್ಲಿ ಸ್ವಲ್ಪ ಮುಂದಕ್ಕೆ ಹೋದರೆ ಅಂಗ್ರೇಜಿ ಸರಕಾರದ ಸೀಮೆ. ದಾರಿಯಲ್ಲಿ ಒಂದು ಸುಂಕದ ನಾಕಾ ಇತ್ತು, ಬೇವಿನ ಗಿಡದ ಕೆಳಗೆ ಲೆಕ್ಕ ಬರೆಯುವ ಒಬ್ಬ ಮುನ್ಷಿ ಇದ್ದ. ಬಜಾರದ ದಿನ ಬಿಟ್ಟರೆ ಅವನಿಗೆ ಮನುಷ್ಯರ ಮುಖ ಕಾಣುವುದೇ ಅಪರೂಪ. ಒಂದು ದಿನ ಅಕ್ಕನ ಮನೆಗೆ ಹೊರಟ ನನ್ನನ್ನು ನೋಡಿದೊಡನೆ ಬಿದಿರು ಅಡ್ಡ ಬೀಳಿಸಿದ.

"ಈ ಚಕ್ಕರದಾಗ ಏನದ?"

"ಗಾಳಿ ಅದ್ರಿ ಮುನ್ಷಿ ಸಾಹೇಬ್ರ."

"ಎಲ್ಲಿಯ ಗಾಳಿ? ಅಂಗ್ರೇಜಿ ಸೀಮಿದಿದ್ರ ಮಹಸೂಲ್ ಕಟ್ಟಬೇಕಾಗ್ತದ."

"ಸುರಪುರದ ಗಾಳಿರಿ. ಮನ್ಯಾಗ ತುಂಬೀನಿ."

ಅವನು ಚಕ್ರವನ್ನು ಒತ್ತಿ ನೋಡಿದ, ಮೂಸಿ ನೋಡಿದ, ಗಡ್ಡ ನೀವಿಕೊಂಡ. "ಹಂಗಾದ್ರ ನಿಜಾಮರ ರಿಯಾಸತ್ತಿನ ಮಾಲು ಹೊರಗ ಒಯ್ಯಾಕತ್ತೀರಿ. ಅದು ಇನ್ನೂ ದೊಡ್ಡ ಗುನ್ಹಾ. ಕೂಡ್ರಿ, ವಿಚಾರ ಮಾಡೂಣು."

ವಿಚಾರಣೆ ಮಧ್ಯಾಹ್ನದ ತನಕ ನಡೆಯಿತು. ನನ್ನ ಊರು, ನನ್ನ ಸಾಲಿ, ಮಳೆ, ಬೆಳೆ, ಅವನ ಮಗಳ ಮದುವೆ, ಎಲ್ಲ ವಿಚಾರವಾಯಿತು. ಎರಡು ಸಲ ಚಹಾ ಬಂತು. ಕೊನೆಗೆ ನಾನು, "ಗಾಳಿದು ಏನು ಮಾಡಿದ್ರಿ ಸಾಹೇಬ್ರ?" ಎಂದೆ.

ಅವನು ಬೇಸರದಿಂದ ಬಿದಿರು ಎತ್ತಿದ. "ಈಗ ಮಾಫ್ ಮಾಡೀನಿ. ಬರೂ ಮುಂದ ಮತ್ತ ತಪಾಸ ಮಾಡಬೇಕಾಗ್ತದ. ಸ್ವಲ್ಪ ಲಗೂ ಬರ್ರಿ, ತಡ ಮಾಡಬ್ಯಾಡ್ರಿ."

ಕುರಿಗಳ ಮುಂದೆ

ಪಂಚಮಿಗೆ ಹೆಂಡತಿಯನ್ನು ತವರಿಗೆ ಕಳಿಸಬೇಕಾಗಿತ್ತು. ನನ್ನ ಪುಣ್ಯಕ್ಕೆ ನಮ್ಮ ಬಂಡಿಯ ಎತ್ತಿನ ಕಾಲು ಉಳುಕಿತು. ಸೈಕಲ್ ಮೇಲೆ ಒಯ್ಯುತ್ತೇನೆ ಎಂದೆ. ಆಯಿ ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು: ದಾರಿಯಲ್ಲಿ ಮಂದಿ ಕಂಡರೆ ಸೊಸೆ ಇಳಿದು, ಸೆರಗು ಹೊದ್ದು, ಗಂಡನ ಹಿಂದೆ ನಡೆದು ಬರಬೇಕು.

ಊರಬಾಗಿಲ ಅಗಸಿ ದಾಟಿ ಗುಡ್ಡದ ಮರೆಗೆ ಬಂದೆವು. ಆಕೆ ಸೈಕಲ್ಲಿನ ಹಿಂದೆ ಕೂತಳು. ಮಾತಾಡಲು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಮುಂದೆ ಒಬ್ಬ ಕುರುಬ ತನ್ನ ಕುರಿಗಳೊಂದಿಗೆ ಹೊರಟಿದ್ದು ಕಂಡಿತು. ಆಕೆ ಟಣ್ಣನೆ ಜಿಗಿದು ಇಳಿದಳು. ಅವನು ಮುಂದೆ ಹೋಗಿ ಮರೆಯಾಗಲಿ ಎಂದು ನಾವು ನಿಧಾನ ನಡೆದೆವು. ಅವನೂ ನಿಧಾನ ನಡೆದ. ನಾವು ನಿಂತೆವು. ಅವನೂ ನಿಂತ. ಹೀಗೆ ಒಂದು ಗುಡ್ಡವೇ ಮುಗಿಯಿತು. ಕೊನೆಗೆ ಅವನೇ ತಿರುಗಿ ಬಂದ.

"ನೀವು ಮುಂದ ಹೋಗ್ರಿ ಅಂತ ನಾ ಕಾಯಾಕತ್ತೀನ್ರಿ. ಸೈಕಲ್ ಕೆಟ್ಟದೇನ್ರಿ?"

ನಾನು ನಾಚಿಕೊಂಡು ಆಯಿಯ ಕರಾರು ಹೇಳಿದೆ. ಅವನು ಬಹಳ ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಬಂಡೆಯ ಕಡೆ ತಿರುಗಿ ನಿಂತ.

"ನಾ ನೋಡೂದಿಲ್ಲ, ಸೈಕಲ್ ಹತ್ತ್ರಿ ತಂಗಿ. ಕುರಿ ನೋಡಿದ್ರ ನಡೀತದಿಲ್ರಿ?"

ಉಪ್ಪು

ಕೆರೆಯ ಏರಿಗೆ ಬಂದೆವು. ಕಣ್ಣು ಹಾಯುವ ತನಕ ಯಾರೂ ಇಲ್ಲ. ನೀರು ತುಂಬಿ ನಿಂತಿತ್ತು, ಗಾಳಿ ತಂಪಾಗಿತ್ತು. ಬೆನ್ನ ಹಿಂದಿನಿಂದ ದನಿ ಬಂತು.

"ರಿ, ಒಂದು ಮಾತು ಹೇಳ್ಲೇನ್ರಿ?"

ಆ ದನಿ ಅಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ. "ಹೇಳು, ಎಷ್ಟು ಬೇಕಾದ್ರೂ ಹೇಳು" ಎಂದೆ. ವರ್ಷದ ಮಾತು ಕಟ್ಟೆ ಒಡೆದು ಬಂತು.

"ಅತ್ತಿಯವರು ಪುಂಡಿಪಲ್ಯಕ್ಕ ಉಪ್ಪು ಹಾಕೂದ ಮರೀತಾರ್ರಿ. ಒಂದು ದಿನ ಅಲ್ಲ, ದಿನಾ ಮರೀತಾರ. ಮಾವನವರು ಉಪ್ಪಿನ ಗಡಿಗಿ ಕಡಿ ನೋಡ್ತಾರ, ಆಯಿ ಕಡಿ ನೋಡ್ತಾರ, ಕಣ್ಣು ಮುಚ್ಚಿ ನುಂಗಿಬಿಡ್ತಾರ. ಅತ್ತಿಯವರು ಕಡೀಕ ಉಣ್ಣಾಕ ಕೂಡೂದ್ರಾಗ ಪಲ್ಯ ಖಾಲಿ. ಅವರಿಗೆ ಹೆಂಗ ಗೊತ್ತಾಗಬೇಕ್ರಿ?"

ಪುಂಡಿ ಸೊಪ್ಪಿನ ಪಲ್ಯದ ರುಚಿಯೇ ಅದು ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದೆ. ಆಕೆ ಅಪ್ಪನ ಮುಖ ಹೇಗಾಗುತ್ತದೆ ಎಂದು ಹೇಳತೊಡಗಿದಾಗ ಇಬ್ಬರೂ ನಕ್ಕ ನಗುವಿಗೆ ಸೈಕಲ್ ಓಲಾಡಿತು. ಆಗ ಏರಿಯ ಕೆಳಗೆ, ಜೊಂಡಿನ ಮರೆಯಲ್ಲಿ, ತೆಪ್ಪದ ಮೇಲೆ ಕೂತು ಮೀನು ಹಿಡಿಯುತ್ತಿದ್ದ ಅಂಬಿಗರ ಮುದುಕ ಕೂಗಿ ಹೇಳಿದ:

"ಸ್ವಲ್ಪ ಜೋರಾಗಿ ಹೇಳವ್ವ. ಗಾಳಿ ತಿರುಗ್ಯದ, ಮುಂದಿಂದು ಕೇಳಸವಲ್ದು."

ಆಕೆ ದೇವಾಪುರ ಬರುವ ತನಕ ಮತ್ತೆ ತುಟಿ ಬಿಚ್ಚಲಿಲ್ಲ.

ನಿಂತ ನೀರಿನ ಮೇಲೆ ಮಾತು ಎಷ್ಟು ದೂರ ಹೋಗುತ್ತದೆ ಎಂದು ನಮಗೆ ತಿಳಿದಿರಲಿಲ್ಲ. ಮುದುಕನಿಂದ ಅವನ ಹೆಂಡತಿಗೆ, ಆಕೆಯಿಂದ ಬಜಾರಕ್ಕೆ, ಬಜಾರದಿಂದ ನಮ್ಮ ಮನೆಗೆ. ಹಬ್ಬ ಮುಗಿಸಿ ಬಂದ ಮರುದಿನ ಕಾಯಿಪಲ್ಯದವಳು ಬಾಗಿಲಲ್ಲಿ ಬುಟ್ಟಿ ಇಳಿಸಿ, "ಪುಂಡಿ ತಂದೀನ್ರಿ ಅವ್ವಾರ. ನಿಮ್ಮನ್ಯಾಗ ಉಪ್ಪು ಹತ್ತೂದಿಲ್ಲಂತಲ್ರಿ" ಎಂದು ಅವ್ವನಿಗೇ ಹೇಳಿದಳು. ನನ್ನ ಹೆಂಡತಿ ಬಾಗಿಲ ಹಿಂದೆ ಸೇರಿ ಅಳತೊಡಗಿದಳು. ಇನ್ನು ಸೈಕಲ್ಲೂ ಇಲ್ಲ, ಮಾತೂ ಇಲ್ಲ ಎಂದು ನನಗೂ ಸಂಕಟವಾಯಿತು.

ಅವ್ವ ನನ್ನನ್ನು ಹಿತ್ತಲಿಗೆ ಕರೆದಳು, ಆಯಿಯ ಕಣ್ಣು ಅಲ್ಲಿಗೆ ತಲುಪುತ್ತಿರಲಿಲ್ಲ.

"ಉಪ್ಪಿಂದು ಖರೆ ಏನೋ?"

"ಖರೆ ಅವ್ವ."

"ಇಷ್ಟು ವರ್ಷ ನಿಮ್ಮಪ್ಪ ನನಗೊಂದು ಮಾತು ಯಾಕ ಹೇಳಲಿಲ್ಲ?"

"ಆಯಿ ಮುಂದ ಹೆಂಗ ಹೇಳಬೇಕವ್ವ?"

ಅವ್ವ ಪಡಸಾಲೆಯ ಕಡೆ ಒಮ್ಮೆ ಇಣುಕಿ ನೋಡಿದಳು. "ಆ ಕೆರಿ ಏರಿ ಮ್ಯಾಲೆ ಯಾರೂ ಇರೂದಿಲ್ಲೇನು?"

"ಮೀನು ಹಿಡಿಯಾಂವ ಇರ್ತಾನ."

"ಇರ್ಲಿ. ಅವ ನಮ್ಮ ಅತ್ತಿ ಅಲ್ಲ. ನಿನ್ನ ಹೆಂಡ್ತಿಗೆ ಅಳಬ್ಯಾಡ ಅನ್ನು, ವಾರಕ್ಕೊಮ್ಮೆ ಆಕಿನ್ನ ಕರ್ಕೊಂಡು ಹೋಗು. ಆದ್ರ ಮೊದಲು ನಿಮ್ಮಪ್ಪಗ ಸೈಕಲ್ ಕಲಸು. ನನಗೂ ಅವರಿಗೆ ಹೇಳೂದು ಭಾಳ ಅದ."

ಮರುದಿನ ಬೆಳಿಗ್ಗೆ ಅಪ್ಪನನ್ನು ಬಯಲಿಗೆ ಕರೆದುಕೊಂಡು ಹೋದೆ. ಧೋತರ ಎತ್ತಿ ಕಟ್ಟಿ, ರುಮಾಲು ಬಿಗಿದು, ಹ್ಯಾಂಡಲ್ ಹಿಡಿದು ಅವರು ಸೀಟಿನ ಮೇಲೆ ಕೂತರು. ನಾನು ಹಿಂದೆ ಹಿಡಿದು ನೂಕಲು ತಯಾರಾದೆ. ಅಪ್ಪ ತುಳಿಯಲಿಲ್ಲ. ಅತ್ತ ಇತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದರು:

"ತಡಿ. ಆಕಿ ಏನು ಹೇಳಾಕಿದ್ದಾಳ ಅಂತ ಮೊದಲು ಕೇಳ್ಕೊಂಡು ಬಾ. ಲಗೂ ಕಲಿಯೂದೋ, ಸಾವಕಾಶ ಕಲಿಯೂದೋ ಆಮ್ಯಾಲೆ ನೋಡೂಣು."