ಮೂರು ಭಾನುವಾರ ಮಟನ್ ಇಲ್ಲದೆ

ಏನು ತಿನ್ನಬೇಕು, ಏನು ಬಿಡಬೇಕು ಅನ್ನುವುದು ನಮ್ಮ ಸ್ವಂತ ವಿಷಯ ಅಂತ ನಾನು ತಿಳಿದಿದ್ದೆ. ಬನಶಂಕರಿಯಲ್ಲಿ ಹಾಗೇನಿಲ್ಲ, ನಮ್ಮ ತಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬೀದಿಯಲ್ಲಿ ಇಬ್ಬರಾದರೂ ಇದ್ದೇ ಇರುತ್ತಾರೆ.

ನನ್ನ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿದ ಡಾಕ್ಟರು, “ಮೂರು ತಿಂಗಳು ಟೈಮ್ ಕೊಡ್ತೀನಿ. ಇಳೀಲಿಲ್ಲ ಅಂದ್ರೆ ಜೀವನಪೂರ್ತಿ ಮಾತ್ರೆ” ಅಂದರು. ಮಾತ್ರೆ ಅಂದರೆ ನನಗೆ ನಿಜಕ್ಕೂ ಭಯ. ತಿಂಗಳಿಗೆ ಒಂದೇ ಸಲ ನಾನ್‌ವೆಜ್ ಅಂತ ಹೆಂಡತಿ ತೀರ್ಪು ಕೊಟ್ಟಳು. ತೆಪ್ಪಗೆ ಒಪ್ಪಿಕೊಂಡೆ.

ಮಹಡಿ ಮನೆಯ ದೂರು

ಮಹಡಿಯಲ್ಲಿರುವ ನಮ್ಮ ಮನೆ ಮಾಲೀಕರು ಹುಟ್ಟಾ ಸಸ್ಯಾಹಾರಿ. ಸುದ್ದಿ ಕೇಳಿ ಸಂತೋಷಪಟ್ಟು ಒಂದು ಪಾತ್ರೆ ಹುಳಿ ಕಳಿಸಿದರು. ಎರಡನೇ ಭಾನುವಾರ ಮಧ್ಯಾಹ್ನ ಮುಖ ಸಪ್ಪಗೆ ಮಾಡಿಕೊಂಡು ಅವರೇ ಇಳಿದು ಬಂದರು.

“ಪೂರ್ತಿ ನಿಲ್ಲಿಸಿಬಿಟ್ರಾ?”

“ಹೆಚ್ಚುಕಮ್ಮಿ ಪೂರ್ತಿ, ಸಾರ್.”

ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಾನಂತೂ ಮುಟ್ಟೋನಲ್ಲ. ಆದ್ರೆ ಭಾನುವಾರ ನಿಮ್ಮನೆ ಮಸಾಲೆ ವಾಸನೆಗೆ ನನಗೆ ಮೊಸರನ್ನ ಎರಡು ತುತ್ತು ಜಾಸ್ತಿ ಸೇರ್ತಿತ್ತು.”

ಅರ್ಧ ಮೊಟ್ಟೆ

ಆ ವಾರ ಬಿಟಿಎಂ ಲೇಔಟಿನ ನಮ್ಮ ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ. ಮಾತಾಡುತ್ತಾ ಒಂದು ಪಫ್ಸ್ ಕಚ್ಚಿದೆ, ಒಳಗೆ ಮೊಟ್ಟೆ. ಕಚ್ಚಿದ್ದನ್ನು ಬಿಡುವುದು ಸರಿಯಲ್ಲ ಅಂತ ಪೂರ್ತಿ ತಿಂದೆ. ನನ್ನ ಕೆಟ್ಟ ಬುದ್ಧಿ, ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದೆ.

“ಈ ತಿಂಗಳ ಕೋಟಾ ಮುಗೀತು” ಅಂದಳು.

“ಪಫ್ಸಲ್ಲಿ ಇರೋದೇ ಅರ್ಧ ಮೊಟ್ಟೆ ಕಣೇ.”

“ಉಳಿದರ್ಧ ತಿಂದವರ ಹೆಂಡತಿ ಅವರನ್ನ ನೋಡ್ಕೋತಾಳೆ.”

ಎಡೆ

ಮೂರನೇ ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಹತ್ತು ವರ್ಷದಿಂದ ನಮಗೆ ಮಟನ್ ಕೊಡುವ ಅಂಗಡಿಯವರು, ಕೈಯಲ್ಲಿ ಕಪ್ಪು ಕವರ್. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

“ಇದ್ದೀರಾ ಸಾರ್?”

“ಇದ್ದೀನಲ್ಲ, ಯಾಕೆ?”

“ಮೊದಲನೇ ವಾರ ಬರ್ಲಿಲ್ಲ, ಊರಿಗೆ ಹೋಗಿರ್ತೀರಿ ಅಂದ್ಕೊಂಡೆ. ಎರಡನೇ ವಾರ, ಮನೇಲಿ ಸೂತಕ ಇರ್ಬೇಕು ಅಂದ್ಕೊಂಡೆ. ಇವತ್ತೂ ಇಲ್ಲ. ಉಸಿರಿರೋವರೆಗೂ ಮೂರು ಭಾನುವಾರ ತಪ್ಪಿಸೋ ಮನುಷ್ಯ ಅಲ್ಲ ನೀವು. ನೀವೇ ಹೋಗಿರ್ಬೇಕು ಅಂತ…” ಕಣ್ಣು ಒರೆಸಿಕೊಂಡು ಕವರ್ ಮುಂದೆ ಹಿಡಿದರು. “ನಿಮಗಿಷ್ಟ ಅಂತ ತೊಡೆ ಮಾಂಸ. ಎಡೆಗೆ ಆಗತ್ತೆ ಅಂತ ತಂದೆ.”

ತೀರಿಹೋದವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ನನ್ನ ಸಾವಿಗೆ ಇಷ್ಟು ಮರುಗಿದವರನ್ನು ಒಳಗೆ ಕೂರಿಸಿ ಡಾಕ್ಟರ ಕಥೆಯನ್ನೆಲ್ಲ ಹೇಳಿದೆ. ಕವರ್ ಮೇಲೂ ಕಣ್ಣು ಹೋಯಿತು ಅನ್ನಿ.

ಅವರು ಹೋದ ಮೇಲೆ ಹೆಂಡತಿ ಕವರ್ ತೆಗೆದುಕೊಂಡಳು. “ಪಾಪ, ಪ್ರೀತಿಯಿಂದ ತಂದಿದ್ದಾರೆ. ಎಡೆ ಇಟ್ಟೇಬಿಡೋಣ.”

“ಹಾಗಾದ್ರೆ ನನಗೆ?”

“ಎಡೆ ಯಾರಿಗೆ ಇಡ್ತೀವೋ ಅವರು ವಾಸನೆ ಅಷ್ಟೇ ತಗೊಳ್ಳೋದು. ತಿನ್ನೋದು ಮನೆಯವರು. ನಿಮ್ಮ ಕೋಟಾ ಪಫ್ಸಲ್ಲೇ ಹೋಯ್ತು.”

ಸಂಜೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗತೊಡಗಿತು. ಹೆಂಡತಿ ಮಕ್ಕಳು ತಟ್ಟೆ ಹಾಕಿಕೊಂಡು ಕಾದು ಕೂತರು. ನಾನು ಮೊಸರನ್ನದ ಬಟ್ಟಲು ಹಿಡಿದು ಮಹಡಿ ಹತ್ತಿದೆ. ಮಾಲೀಕರು ಆಗಲೇ ಕಿಟಕಿ ಪೂರ್ತಿ ತೆರೆದು, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಟ್ಟಿದ್ದರು.